ನೀರಿನಲ್ಲಿ ನಿಲ್ಲಲು ಕಲಿಯುವ ಮಗು

ನೆಲದ ಮೇಲೆ ಕುಳಿತುಕೊಳ್ಳುವುದು ಎಷ್ಟು ಕ್ಲಿಷ್ಟವಾದ ವಿದ್ಯೆಯೆಂಬುದು, ಆ ವಿದ್ಯೆ ಎಂಟೊಂಬತ್ತು ತಿಂಗಳಿನಲ್ಲಿಯೇ ತಾನಾಗಿ ಸಿದ್ಧಿಸಿದ ನಮಗೆ ಸಾಮಾನ್ಯವಾಗಿ ತೋರುವುದೇ ಇಲ್ಲ. ತಲೆಯು ಒಂದಿಷ್ಟು ಎಡಕ್ಕೆ ವಾಲಿತೆಂದರೆ ಬಲಪಾರ್ಶ್ವದ ಸ್ನಾಯುಗಳು ಅದನ್ನು ಸೆಳೆದು ನಿಲ್ಲಿಸುತ್ತವೆ. ಕೈಯನ್ನು ಮುಂದಕ್ಕೆ ಚಾಚುವುದಕ್ಕೆ ಕ್ಷಣಮಾತ್ರ ಮೊದಲೇ ಬೆನ್ನು ತನ್ನನ್ನು ತಾನು ಬಿಗಿಮಾಡಿಕೊಂಡು ಆ ಭಾರಕ್ಕೆ ಸಿದ್ಧವಾಗಿರುತ್ತದೆ. ಇವೆಲ್ಲವೂ ನಮ್ಮ ಅರಿವಿಗೆ ಬಾರದ ಹಾಗೆ ಹಗಲಿನುದ್ದಕ್ಕೂ ನಡೆಯುತ್ತಲೇ ಇರುತ್ತವೆ. ಈ ಗುಪ್ತವಾದ ಏರ್ಪಾಡಿನಲ್ಲಿ ಎಲ್ಲಿಯೋ ಒಂದೆಡೆ ಲೋಪವುಂಟಾದ ಮಗುವಿಗೆ, ಮೂರು ವರ್ಷ ತುಂಬಿದರೂ, ಆಟದ ಸಾಮಾನಿಗೆ ಕೈನೀಡುವುದೆಂದರೆ ಬೀಳುವುದಕ್ಕೆ ಒಪ್ಪಿಕೊಂಡಂತೆಯೇ ಸರಿ. ಕೆಲವು ಸಲ ಬಿದ್ದ ಮೇಲೆ ಅದು ಕೈನೀಡುವುದನ್ನೇ ಬಿಟ್ಟುಬಿಡುತ್ತದೆ. ಕೈನೀಡದ ಮಗುವಿಗೆ ಕಲಿಯುವ ಸಂದರ್ಭಗಳೂ ಕಡಮೆಯಾಗುತ್ತವೆ. ಹೀಗೆ ದೇಹದ ತೊಡಕು ಬುದ್ಧಿಯ ಮಾರ್ಗವನ್ನೂ ಅಡ್ಡಗಟ್ಟುತ್ತದೆ.

ಅಂಥ ಮಗುವನ್ನು ಬೆಚ್ಚಗಿನ ನೀರಿನ ಕೊಳಕ್ಕೆ ಇಳಿಸಿ, ನುರಿತ ಕೈಯೊಂದರ ಆಸರೆಯಲ್ಲಿ ಆಡಗೊಡುವ ಪದ್ಧತಿಗೆ ಜಲಚಿಕಿತ್ಸೆಯೆಂದೂ, ಆಸ್ಪತ್ರೆಗಳ ಮಾತಿನಲ್ಲಿ ಹೈಡ್ರೋಥೆರಪಿ ಅಥವಾ ಅಕ್ವಾಟಿಕ್ ಥೆರಪಿಯೆಂದೂ ಹೆಸರು. ಹೆಸರನ್ನು ಕೇಳಿದೊಡನೆ ನಮ್ಮ ಜನರಿಗೆ ನೆನಪಾಗುವುದು ಪ್ರಕೃತಿಚಿಕಿತ್ಸಾಲಯಗಳ ತೊಟ್ಟಿಸ್ನಾನ, ಇಲ್ಲವೆ ತೀರ್ಥಕ್ಷೇತ್ರಗಳ ಬಿಸಿನೀರ ಬುಗ್ಗೆ. ಅಲ್ಲಿ ನೀರಿನಲ್ಲಿಯೇ ಏನೋ ಔಷಧೀಯ ಗುಣವಿದೆಯೆಂಬ ನಂಬಿಕೆ. ಪ್ರಕೃತ ವಿಷಯಕ್ಕೂ ಆ ನಂಬಿಕೆಗೂ ಸಂಬಂಧವಿಲ್ಲ. ಇಲ್ಲಿ ನೀರಿನಲ್ಲಿ ಕರಗಿರತಕ್ಕ ಯಾವ ಲವಣವೂ ಮಗುವಿನ ಸ್ನಾಯುವನ್ನಾಗಲಿ ಮೆದುಳನ್ನಾಗಲಿ ಸರಿಪಡಿಸಲಾರದು. ನೀರು ಮಾಡುವ ಉಪಕಾರ ಬೇರೆ ತೆರನಾದದ್ದು: ಅದು ಬೀಳುವಿಕೆಯನ್ನು ನಿಧಾನಗೊಳಿಸುತ್ತದೆ. ಈ ಒಂದು ಸಂಗತಿಯನ್ನು ಗ್ರಹಿಸಿದರೆ ಉಳಿದುದೆಲ್ಲವೂ ಅದರ ಬೆನ್ನಿಗೇ ಬರುತ್ತದೆ.

ಶೈಶವದ ಚಲನದೋಷಗಳಿಗೆ ಕಾರಣಗಳು ಅನೇಕ. ಸ್ನಾಯುಕ್ಷಯ, ಬೆನ್ನುಹುರಿಯ ಹುಟ್ಟುದೋಷ, ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಕಾಣುವ ಸ್ನಾಯುಶೈಥಿಲ್ಯ, ಹೀಗೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರತಕ್ಕದ್ದು ಸೆರೆಬ್ರಲ್ ಪಾಲ್ಸಿ; ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 2ರಿಂದ 3 ಮಕ್ಕಳು ಇದಕ್ಕೆ ಗುರಿಯಾಗುತ್ತಾರೆ. ಬೆಳೆಯುತ್ತಿರುವ ಮೆದುಳಿಗೆ ಗರ್ಭದಲ್ಲಿಯೋ, ಪ್ರಸವಕಾಲದಲ್ಲಿಯೋ, ಜನಿಸಿದ ತರುವಾಯವೋ ಪೆಟ್ಟಾಗುವುದೇ ಇದರ ಮೂಲ: ಅವಧಿಗೆ ಮುಂಚಿನ ಜನನ, ಪ್ರಾಣವಾಯುವಿನ ಕೊರತೆ, ಮಿತಿಮೀರಿದ ಕಾಮಾಲೆ, ಮೆದುಳಿನ ಸೋಂಕು ಇವು ಸಾಮಾನ್ಯ ಕಾರಣಗಳು. ಇದನ್ನು ವ್ಯವಸ್ಥಿತವಾಗಿ ವರ್ಣಿಸಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟ್ಲ್. ಬಾಲ್ಯದಲ್ಲಿಯೇ ಪೋಲಿಯೋದಿಂದ ಒಂದು ಪಾದ ಸೊಟ್ಟಗಾಗಿ, ಜರ್ಮನಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗುಣಹೊಂದಿದ್ದ ಆ ವೈದ್ಯರು 1861ರಲ್ಲಿ ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ತಮ್ಮ ಅವಲೋಕನಗಳನ್ನು ಮಂಡಿಸಿದ ಮೇಲೆ ಬಹುಕಾಲ ಈ ಸ್ಥಿತಿಗೆ ಅವರ ಹೆಸರೇ ನಿಂತಿತ್ತು. ಮೆದುಳಿನ ಆ ಗಾಯವು ಹಬ್ಬುವುದಿಲ್ಲ, ಉಲ್ಬಣಿಸುವುದೂ ಇಲ್ಲ. ಆದರೆ ಮಗು ಬೆಳೆಯುತ್ತದೆ. ಮೂಳೆ ನೀಳವಾದಷ್ಟು ವೇಗದಲ್ಲಿ ಬಿಗಿದ ಸ್ನಾಯು ನೀಳವಾಗದೆ, ಕೀಲುಗಳು ಸೆಟೆದು, ಮೂರನೆಯ ವರ್ಷದಲ್ಲಿ ಸುಲಭವಾಗಿ ಬಿಚ್ಚುತ್ತಿದ್ದ ಮಂಡಿ ಹತ್ತನೆಯ ವರ್ಷದಲ್ಲಿ ಬಿಚ್ಚದಂತಾಗುತ್ತದೆ. ಆದಕಾರಣವೇ ಎಳೆಯ ವಯಸ್ಸಿನಲ್ಲಿ ಚಲನೆಯ ಅಭ್ಯಾಸಕ್ಕೆ ಅಷ್ಟು ಪ್ರಾಮುಖ್ಯ.

ಇನ್ನು ನೀರಿನ ಕಡೆಗೆ ಬರೋಣ. ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ನೂಕುತ್ತದೆಂಬ ಆರ್ಕಿಮಿಡೀಸನ ತತ್ತ್ವವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ದೊಡ್ಡವರನ್ನು ನಿಲ್ಲಿಸಿ ಅಳೆದು ನೋಡಿದಾಗ, ಸೊಂಟದ ಮಟ್ಟದ ನೀರಿನಲ್ಲಿ ಕಾಲುಗಳು ಹೊರುವುದು ದೇಹದ ತೂಕದ ಅರ್ಧದಷ್ಟನ್ನು, ಎದೆಯ ಮಟ್ಟದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು, ಕೊರಳಿನ ಮಟ್ಟದಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿಲ್ಲದಷ್ಟನ್ನು ಎಂದು ಕಂಡುಬಂದಿದೆ. ನೆಲದ ಮೇಲೆ ತನ್ನ ಭಾರವನ್ನು ತಾನೇ ಹೊರಲಾರದ ಮಗುವು ನೀರಿನಲ್ಲಿ ನಿಲ್ಲುವುದಕ್ಕೆ ಇಷ್ಟೇ ಸಾಕು. ಆದರೆ ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ನೀರಿನ ಸ್ನಿಗ್ಧತೆ, ಅಂದರೆ ಚಲಿಸುವ ಅಂಗವನ್ನು ಅದು ಎಲ್ಲ ಕಡೆಯಿಂದಲೂ ತಡೆಹಿಡಿಯುವ ಗುಣ. ಗಾಳಿಯಲ್ಲಿ ವಾಲಿದ ಮಗುವು ಏನಾಯಿತೆಂದು ತಿಳಿಯುವುದರೊಳಗಾಗಿ ನೆಲಕ್ಕೆ ತಗಲಿರುತ್ತದೆ. ಅದರ ನರಗಳ ಪ್ರತಿಕ್ರಿಯೆ ಮೊದಲೇ ಮಂದವಾದದ್ದು. ನೀರಿನಲ್ಲಿ ವಾಲಿದ ಮಗುವು ವಾಲುತ್ತಲೇ ಇರುತ್ತದೆ, ಆ ವಾಲುವಿಕೆಯನ್ನು ಅನುಭವಿಸುತ್ತಿರುತ್ತದೆ, ತಲೆಯನ್ನು ಹಿಂದಕ್ಕೆ ತರುವುದಕ್ಕೂ ಕೈಯನ್ನು ಬೀಸುವುದಕ್ಕೂ ಅದಕ್ಕೆ ಅವಧಿ ದೊರೆಯುತ್ತದೆ. ಅಪಾಯವಿಲ್ಲದೆ ತಪ್ಪುಮಾಡಿ, ಮಾಡಿದ ತಪ್ಪನ್ನು ತಾನೇ ತಿದ್ದಿಕೊಳ್ಳುವ ಅವಕಾಶ ಇಂಥ ಮಗುವಿಗೆ ಮತ್ತೆಲ್ಲಿಯೂ ಇಷ್ಟು ಧಾರಾಳವಾಗಿ ಸಿಕ್ಕುವುದಿಲ್ಲ. ಇದರ ಜೊತೆಗೆ ನೀರಿನ ಒತ್ತಡವೂ ಉಂಟು. ಅದು ಮೈಯ ಸುತ್ತಲೂ ಸಮನಾಗಿ ಅಮರಿಕೊಂಡು, ಎದೆಯನ್ನು ಮೆಲ್ಲಗೆ ಅದುಮಿ, ಉಸಿರು ಸೆಳೆದುಕೊಳ್ಳುವುದನ್ನೇ ಒಂದು ವ್ಯಾಯಾಮವನ್ನಾಗಿ ಮಾಡುತ್ತದೆ.

ಈ ಗುಣಗಳನ್ನು ಮಕ್ಕಳ ಉಪಯೋಗಕ್ಕೆ ತರುವ ಯತ್ನ ಇಪ್ಪತ್ತನೆಯ ಶತಮಾನದ ಮೊದಲಿನ ದಶಕಗಳಲ್ಲಿಯೇ ಅಮೆರಿಕದಲ್ಲಿ ಕಾಣಿಸುತ್ತದೆ. ಲಾಸ್ ಏಂಜಲೀಸಿನ ಮೂಳೆವೈದ್ಯ ಚಾರ್ಲ್ಸ್ ಲೋಮನ್ನರು ಷಿಕಾಗೋವಿನ ಶಾಲೆಯೊಂದರಲ್ಲಿ ಮಕ್ಕಳು ಮರದ ತೊಟ್ಟಿಯ ನೀರಿನಲ್ಲಿ ವ್ಯಾಯಾಮ ಮಾಡುತ್ತಿದ್ದುದನ್ನು ಕಂಡುಬಂದು, ತಮ್ಮ ಆಸ್ಪತ್ರೆಯ ಅಂಗಳದ ನೈದಿಲೆಯ ಕೊಳವನ್ನೇ ಚಿಕಿತ್ಸೆಯ ಕೊಳವಾಗಿ ಮಾರ್ಪಡಿಸಿದರು. ಅದೇ ಕಾಲದಲ್ಲಿ, 1921ರಲ್ಲಿ ಪೋಲಿಯೋ ತಗುಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡಿದ್ದ, ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟರು, ಜಾರ್ಜಿಯ ಪ್ರಾಂತದ ವಾರ್ಮ್ ಸ್ಪ್ರಿಂಗ್ಸ್ ಎಂಬ ಹಳ್ಳಿಯ ಸಹಜವಾಗಿ ಬೆಚ್ಚಗಿರುವ ಬುಗ್ಗೆಯಲ್ಲಿ ಈಜಿ ತರುಣನೊಬ್ಬನು ಚೇತರಿಸಿಕೊಂಡನೆಂಬ ವಾರ್ತೆಯನ್ನು ಕೇಳಿ 1924ರಲ್ಲಿ ಅಲ್ಲಿಗೆ ಹೋದರು. ಎರಡು ವರ್ಷಗಳ ತರುವಾಯ ಆ ಸ್ಥಳವನ್ನೇ ಕೊಂಡು, 1927ರಲ್ಲಿ ಪೋಲಿಯೋಪೀಡಿತರಿಗಾಗಿ ಅಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಆ ನೀರಿನ ಉಷ್ಣತೆ ಸುಮಾರು 31 ಡಿಗ್ರಿ ಸೆಲ್ಷಿಯಸ್. ರೂಸ್‌ವೆಲ್ಟರ ಕಾಲುಗಳಿಗೆ ಹೋದ ಶಕ್ತಿ ಬರಲಿಲ್ಲವೆಂಬುದನ್ನೂ, ಆದರೆ ನೆಲದ ಮೇಲೆ ಲೋಹದ ಪಟ್ಟಿಗಳಿಲ್ಲದೆ ನಿಲ್ಲಲಾರದಿದ್ದ ಆ ಮನುಷ್ಯರು ನೀರಿನಲ್ಲಿ ಅವಿಲ್ಲದೆಯೇ ನಿಲ್ಲುತ್ತಿದ್ದರೆಂಬುದನ್ನೂ ಒಟ್ಟಿಗೆ ನೆನೆದರೆ ಈ ಚಿಕಿತ್ಸೆಯ ಬಲವೂ ಮಿತಿಯೂ ಏಕಕಾಲದಲ್ಲಿ ಗೋಚರವಾಗುತ್ತವೆ.

ಆದರೂ ಲೋಮನ್ನರ ಕೊಳದಲ್ಲಾಗಲಿ ವಾರ್ಮ್ ಸ್ಪ್ರಿಂಗ್ಸಿನಲ್ಲಾಗಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ನೆಲದ ವ್ಯಾಯಾಮವೇ. ನೀರಿನೊಳಗಿಟ್ಟ ಮೇಜಿನ ಮೇಲೆ ರೋಗಿಯನ್ನು ಮಲಗಿಸಿ ಕೈಕಾಲುಗಳನ್ನು ಆಡಿಸುತ್ತಿದ್ದರು. ನೀರನ್ನು ನೀರಾಗಿಯೇ ನೋಡಿ, ಅದರೊಳಗೆ ದೇಹ ಹೇಗೆ ತೇಲುತ್ತದೆ, ಹೇಗೆ ಉರುಳುತ್ತದೆ, ಉರುಳಿದುದನ್ನು ಹೇಗೆ ನಿಲ್ಲಿಸಬಹುದೆಂಬ ಪ್ರಶ್ನೆಯಿಂದ ಹೊರಟವರು ವೈದ್ಯರಲ್ಲ, ಒಬ್ಬ ಇಂಜಿನಿಯರು. ಜೇಮ್ಸ್ ಮ್ಯಾಕ್‌ಮಿಲನ್ ಎಂಬ ಅವರು ದ್ರವಗಳ ಯಂತ್ರಶಾಸ್ತ್ರವನ್ನು ಬಲ್ಲವರು. ಉತ್ತರ ಲಂಡನ್ನಿನಲ್ಲಿ ಅಂಗವಿಕಲ ಬಾಲಿಕೆಯರಿಗಾಗಿ ಹ್ಯಾಲಿವಿಕ್ ಎಂಬ ಶಾಲೆಯಿತ್ತು. 1949ರಲ್ಲಿ ಅವರು ಆ ಶಾಲೆಯ ಹುಡುಗಿಯರಿಗೆ ಈಜು ಕಲಿಸುವುದಕ್ಕೆ ತೊಡಗಿದರು. ಹಡಗಿನ ಸಮತೋಲವನ್ನು ವಿವರಿಸುವ ನಿಯಮವು ಮನುಷ್ಯದೇಹಕ್ಕೂ ಅನ್ವಯಿಸುತ್ತದೆಂಬುದೇ ಅವರ ವಿಧಾನದ ಬುಡ. ದೇಹದ ಭಾರವು ಒಂದು ಬಿಂದುವಿನಲ್ಲಿ ಕೆಳಕ್ಕೆಳೆಯುತ್ತದೆ. ನೀರಿನ ನೂಕು ಇನ್ನೊಂದು ಬಿಂದುವಿನಲ್ಲಿ ಮೇಲಕ್ಕೆತ್ತುತ್ತದೆ. ಇವೆರಡೂ ಒಂದೇ ನೇರದಲ್ಲಿದ್ದರೆ ದೇಹ ಸ್ತಬ್ಧ, ನೇರ ತಪ್ಪಿದರೆ ಅವು ಮತ್ತೆ ನೇರಕ್ಕೆ ಬರುವ ತನಕ ದೇಹ ಉರುಳಿಯೇ ತೀರುತ್ತದೆ. ಎರಡು ಪಾರ್ಶ್ವಗಳ ಆಕಾರವೂ ಸ್ನಾಯುಗಳ ಬಿಗಿತವೂ ಬೇರೆಬೇರೆಯಾಗಿರುವ ಮಗು ನೀರಿಗೆ ಬಿದ್ದೊಡನೆ ಒಂದು ಮಗ್ಗುಲಿಗೆ ಹೊರಳುವುದು ಭಯದಿಂದಲ್ಲ, ಈ ನಿಯಮದಿಂದ. ಹಾಗಾದರೆ ನಿಯಮವನ್ನು ಅರಿತು ಹೊರಳುವಿಕೆಯನ್ನು ಆಳುವುದನ್ನು ಕಲಿಸಬೇಕು: ತಲೆಯನ್ನು ಬಲಕ್ಕೆ ತಿರುಗಿಸಿದರೆ ಮೈ ಬಲಕ್ಕೆ ಹೊರಳುತ್ತದೆ, ಕೈಯೊಂದನ್ನು ನೀರಿನಿಂದ ಹೊರಗೆತ್ತಿದರೆ ಆ ಕಡೆ ಮುಳುಗುತ್ತದೆ, ಗದ್ದವನ್ನು ಎದೆಗೆ ತಂದು ಕೈಗಳನ್ನು ಮುಂದೆ ಚಾಚಿದರೆ ಮಲಗಿದ ಮೈ ಎದ್ದು ನಿಲ್ಲುತ್ತದೆ.

ಹೀಗೆ ಹುಟ್ಟಿದ ಹ್ಯಾಲಿವಿಕ್ ಪದ್ಧತಿಯಲ್ಲಿ ಹತ್ತು ಸೋಪಾನಗಳಿವೆ. ಎಲ್ಲವನ್ನೂ ಇಲ್ಲಿ ಎಣಿಸುವ ಅಗತ್ಯವಿಲ್ಲ. ಮೊದಲನೆಯದು ನೀರಿಗೆ ಮನಸ್ಸನ್ನು ಹೊಂದಿಸಿಕೊಳ್ಳುವುದು. ನಡುವಣ ನಾಲ್ಕು ಬೇರೆಬೇರೆ ಅಕ್ಷಗಳ ಸುತ್ತ ಹೊರಳುವುದನ್ನೂ, ಹೊರಳುವುದನ್ನು ತಡೆಯುವುದನ್ನೂ ಕಲಿಸುತ್ತವೆ. ಕಟ್ಟಕಡೆಯದು ಕೈಬೀಸಿ ಮುಂದೆ ಸಾಗುವುದು. ಈಜುವುದು ಕೊನೆಗೆ ಬರುತ್ತದೆ, ಸಮತೋಲ ಮೊದಲಿಗೆ. ನಮ್ಮ ಕೆರೆಬಾವಿಗಳಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನೂಕಿಬಿಡುತ್ತಿದ್ದ ಹಳೆಯ ಕ್ರಮಕ್ಕೆ ಇದು ನೇರ ವಿರುದ್ಧ. ಮ್ಯಾಕ್‌ಮಿಲನ್ನರು ಟ್ಯೂಬು, ತೋಳಿಗೆ ಕಟ್ಟುವ ಗಾಳಿಚೀಲ, ತೇಲುವ ಅಂಗಿ ಇವುಗಳಲ್ಲಿ ಯಾವುದನ್ನೂ ಒಪ್ಪಲಿಲ್ಲ. ಟ್ಯೂಬಿನೊಳಗಿನ ಮಗುವು ಕಲಿಯುವುದು ಟ್ಯೂಬಿನ ಸಮತೋಲವನ್ನು. ಅದು ಹೊರಳದಂತೆ ಟ್ಯೂಬು ತಡೆದುಬಿಡುವುದರಿಂದ, ಹೊರಳಿ ಮರಳುವ ವಿದ್ಯೆಗೆ ಎಡೆಯೇ ಉಳಿಯುವುದಿಲ್ಲ. ಟ್ಯೂಬಿಗೆ ಬದಲು ಅವರು ಪ್ರತಿಯೊಂದು ಮಗುವಿಗೂ ಒಬ್ಬೊಬ್ಬ ಸಹಾಯಕರನ್ನು ಕೊಟ್ಟರು. ಮನುಷ್ಯನ ಕೈ ಬೇಕೆಂದಾಗ ಹಿಡಿಯಬಲ್ಲದು, ಬೇಡವೆಂದಾಗ ಬಿಡಬಲ್ಲದು. ಕೊಳದೊಳಗೆ ಯಾರನ್ನೂ ರೋಗಿಯೆಂದು ಕರೆಯಕೂಡದು, ಈಜುಗಾರನೆಂದೇ ಕರೆಯಬೇಕು, ಹೆಸರು ಹಿಡಿದು ಮಾತನಾಡಿಸಬೇಕೆಂಬುದೂ ಅವರ ಕಟ್ಟಳೆ. 1952ರಲ್ಲಿ ಈ ವಿಧಾನವನ್ನು ಹರಡುವುದಕ್ಕಾಗಿ ಇಂಗ್ಲೆಂಡಿನಲ್ಲಿ ಈಜುಚಿಕಿತ್ಸೆಯ ಸಂಘವೊಂದು ಸ್ಥಾಪಿತವಾಯಿತು. ಇಂದು ಅನೇಕ ದೇಶಗಳ ಫಿಸಿಯೋಥೆರಪಿಸ್ಟರು ಇದನ್ನು ಬಲ್ಲರು.

ಒಂದು ಪಾಠ ನಡೆಯುವ ಬಗೆಯನ್ನು ಹೇಳುತ್ತೇನೆ. ಸಹಾಯಕರು ಮೊದಲು ತಾವು ನೀರಿಗಿಳಿದು, ಮೊಣಕಾಲು ಮಡಿಸಿ ಹೆಗಲು ನೀರಿನ ಮಟ್ಟಕ್ಕೆ ಬರುವಂತೆ ತಗ್ಗುತ್ತಾರೆ. ಆಗ ಅವರ ಕಣ್ಣೂ ಮಗುವಿನ ಕಣ್ಣೂ ಸಮನಾಗುತ್ತವೆ. ಮಗುವನ್ನು ಎತ್ತಿ ತರುವುದಿಲ್ಲ. ಕೊಳದ ಅಂಚಿನಲ್ಲಿ ಕೂರಿಸಿ, ಅದು ಮುಂದಕ್ಕೆ ವಾಲಿ ತಾನೇ ಕೈಗಳಿಗೆ ಬರುವ ತನಕ ಕಾಯುತ್ತಾರೆ. ನೀರು ಬಾಯಿಯ ಬಳಿಗೆ ಬಂದಾಗಲೆಲ್ಲ ಉಸಿರು ಬಿಗಿಹಿಡಿಯದೆ ‘ಫೂ’ ಎಂದು ಊದುವುದು ಮೊಟ್ಟಮೊದಲ ಅಭ್ಯಾಸ. ತೇಲುವ ಚೆಂಡೊಂದನ್ನು ಊದಿ ಅಟ್ಟುವ ಆಟದಿಂದ ಇದು ಬೇಗ ಒಲಿಯುತ್ತದೆ, ಮತ್ತು ಊದುವಾಗ ತಲೆ ತಾನಾಗಿ ಮುಂದಕ್ಕೆ ಬರುವುದರಿಂದ ಮೈ ಹಿಂದಕ್ಕೆ ಉರುಳುವುದೂ ತಪ್ಪುತ್ತದೆ. ಮಕ್ಕಳು ಹಲವರಿದ್ದರೆ ಸುತ್ತುಗಟ್ಟಿ ಹಾಡುತ್ತ ಆಡುತ್ತಾರೆ. ನಮ್ಮ ಆನೆ ಒಂಟೆಗಳ ಶಿಶುಗೀತೆಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂಥವು, ತಾಳಕ್ಕೆ ಸರಿಯಾಗಿ ನೆಗೆಯುವುದಕ್ಕೂ ವಾಲುವುದಕ್ಕೂ ಅವುಗಳಲ್ಲಿ ಬೇಕಾದಷ್ಟು ಎಡೆಯುಂಟು.

ಮುಂದಿನ ಹಂತಗಳಲ್ಲಿ ನನಗೆ ಅತ್ಯಂತ ಚೆಲುವಾದುದಾಗಿ ತೋರುವುದು, ಮಗುವನ್ನು ಮುಟ್ಟದೆಯೇ ಸಾಗಿಸುವ ಒಂದು ಕೌಶಲ. ಮಗು ಅಂಗಾತ ತೇಲುತ್ತಿರುತ್ತದೆ. ಸಹಾಯಕರು ಅದರ ತಲೆಯ ಕಡೆ ನಿಂತು, ಹಿಂದುಹಿಂದಕ್ಕೆ ನಡೆಯುತ್ತ, ಅದರ ಹೆಗಲಿನ ಕೆಳಗೆ ನೀರನ್ನು ಕೈಗಳಿಂದ ಕಲಕುತ್ತಾರೆ. ಕಲಕಿದ ನೀರಿನ ಸುಳಿಯ ಸೆಳೆತಕ್ಕೆ ಸಿಕ್ಕಿ ಮಗುವು ಯಾರ ಕೈಯೂ ಸೋಕದೆ ಅವರನ್ನು ಹಿಂಬಾಲಿಸುತ್ತದೆ. ಹಾಗೆ ಸಾಗುವಾಗ ಮೈ ಅತ್ತಿತ್ತ ಹೊರಳದಂತೆ ನಡುವನ್ನು ಸ್ಥಿರವಾಗಿಟ್ಟುಕೊಳ್ಳುವುದು ಮಗುವಿನ ಕೆಲಸ. ನೆಲದ ಮೇಲೆ ಕುಳಿತಾಗ ಅದಕ್ಕೆ ಯಾವ ಸ್ನಾಯುಗಳು ಬೇಕೋ ಅವೇ ಇಲ್ಲಿಯೂ ದುಡಿಯುತ್ತವೆ.

ನೀರಿನ ಉಷ್ಣತೆಯ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳತಕ್ಕದ್ದಲ್ಲ. ಚಿಕಿತ್ಸೆಯ ಕೊಳದ ನೀರು 33ರಿಂದ 35 ಡಿಗ್ರಿಯಷ್ಟಿರಬೇಕು; ಸ್ಪರ್ಧೆಯ ಈಜುಕೊಳಗಳಲ್ಲಿ ಅದು 25ರಿಂದ 28ರ ನಡುವೆ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಕಾವನ್ನು ಸೆಳೆದುಕೊಳ್ಳುವುದರಿಂದ, ತೆಳುಮೈಯ, ಹೆಚ್ಚು ಚಲಿಸಲಾರದ ಪುಟ್ಟ ಮಗು ತಣ್ಣೀರಿನಲ್ಲಿ ನಿಮಿಷಗಳಲ್ಲಿಯೇ ನಡುಗತೊಡಗುತ್ತದೆ. ನಡುಕದೊಡನೆ ಸ್ನಾಯುಗಳ ಬಿಗಿತವೂ ಏರಿ, ಸಡಿಲಿಸಬೇಕೆಂದು ಬಂದ ಕೈಕಾಲು ಮತ್ತಷ್ಟು ಸೆಟೆದುಕೊಳ್ಳುತ್ತದೆ. ಎಳೆಯ ಮಕ್ಕಳಿಗೆ ಒಂದು ಸಲಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಫಿಟ್ಸ್ ಹತೋಟಿಯಲ್ಲಿಲ್ಲದ ಮಗುವನ್ನು, ಜ್ವರ ಭೇದಿಗಳಿರುವ ಮಗುವನ್ನು, ತೆರೆದ ಹುಣ್ಣುಳ್ಳ ಮಗುವನ್ನು ಕೊಳಕ್ಕೆ ತರಬಾರದು. ಹೃದಯ ಶ್ವಾಸಕೋಶಗಳ ತೊಂದರೆಯಿದ್ದರೆ ನೀರಿನ ಒತ್ತಡವೇ ಭಾರವಾದೀತಾದ್ದರಿಂದ ವೈದ್ಯರ ಸಮ್ಮತಿ ಬೇಕು. ನುಂಗುವುದಕ್ಕೆ ಕಷ್ಟಪಡುವ ಮಕ್ಕಳು ನೀರನ್ನು ಗುಟುಕರಿಸಿ ಅದು ಶ್ವಾಸಕೋಶಕ್ಕೆ ಹೋಗುವ ಸಂಭವವೂ ಉಂಟು. ಇಲ್ಲಿಯೇ ಇನ್ನೊಂದು ಮಾತು: ಶಿಶುವಿನ ಕೊರಳಿಗೆ ಉಂಗುರದಂತೆ ತೊಡಿಸಿ ನೀರಿನಲ್ಲಿ ತೇಲಿಬಿಡುವ ಗಾಳಿಚೀಲವೊಂದು ಈಚೆಗೆ ಮಾರಾಟಕ್ಕೆ ಬಂದಿದೆ. ಅದನ್ನು ತೊಟ್ಟಿದ್ದ ಶಿಶುವೊಂದು ಮರಣಹೊಂದಿ ಮತ್ತೊಂದು ಆಸ್ಪತ್ರೆ ಸೇರಿದ ವರದಿಗಳ ಮೇಲೆ, ವಿಶೇಷವಾಗಿ ಚಲನದೋಷವುಳ್ಳ ಮಕ್ಕಳ ಚಿಕಿತ್ಸೆಗೆ ಅದನ್ನು ಬಳಸಕೂಡದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರಲ್ಲಿ ಎಚ್ಚರಿಸಿತು.

ಈ ಜಲಚಿಕಿತ್ಸೆಯಿಂದ ಫಲವೆಷ್ಟು? ನಡೆದಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ ನಡೆದವು. ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು ಮುಂತಾದ ದೊಡ್ಡ ಚಲನೆಗಳಲ್ಲಿ ತಕ್ಕಮಟ್ಟಿನ ಸುಧಾರಣೆಯನ್ನು ಅವುಗಳಲ್ಲಿ ಕೆಲವು ತೋರಿಸಿವೆ. ಚಿಕಿತ್ಸೆ ನಿಂತ ಬಳಿಕ ಆ ಸುಧಾರಣೆ ಎಷ್ಟು ಕಾಲ ಉಳಿಯುತ್ತದೆಂಬುದಕ್ಕೆ ಬಲವಾದ ಪ್ರಮಾಣವಿಲ್ಲ. ಆದುದರಿಂದ ನೀರಿನಿಂದ ಸೆರೆಬ್ರಲ್ ಪಾಲ್ಸಿ ವಾಸಿಯಾಗುತ್ತದೆಂದು ಹೇಳಿ ಹಣ ಕೇಳುವವರಿಂದ ತಂದೆತಾಯಂದಿರು ದೂರವಿರುವುದು ಲೇಸು. ಮಗುವಿನ ಸ್ಥಿತಿಯ ತಾರತಮ್ಯವನ್ನೂ ಗಮನಿಸಬೇಕು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಕ್ರಮದಂತೆ ಇಂಥ ಮಕ್ಕಳನ್ನು ಐದು ಮಟ್ಟಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ಮಟ್ಟದವರು ನಡೆಯಬಲ್ಲರು, ಐದನೆಯ ಮಟ್ಟದವರಿಗೆ ತಲೆಯನ್ನು ನಿಲ್ಲಿಸುವುದೂ ದುಸ್ತರ. ಮೊದಲ ಮಟ್ಟಗಳ ಮಗುವಿಗೆ ಕೊಳವು ಅಭ್ಯಾಸದ ಇನ್ನೊಂದು ಅಂಗಳ. ನಾಲ್ಕೈದನೆಯ ಮಟ್ಟದ ಮಗುವಿಗಾದರೋ, ಇನ್ನೊಬ್ಬರು ಹೊರಳಿಸದೆ ತಾನೇ ಹೊರಳುವ ಅನುಭವ ದೊರೆಯಬಹುದಾದ ಏಕಮಾತ್ರ ಸ್ಥಳ ಬಹುಶಃ ಅದೇ. ಈ ಲಾಭವನ್ನು ಅಂಕಗಳಲ್ಲಿ ತೋರಿಸಲಾಗದೆಂಬ ಕಾರಣಕ್ಕೆ ಅಲ್ಲಗಳೆಯುವುದು ನನಗೆ ಸರಿಕಾಣದು. ಯಾವ ಮಟ್ಟದ ಮಗುವಾದರೂ ನೀರಿನಲ್ಲಿ ಕಲಿತುದನ್ನು ಅದೇ ವಾರದಲ್ಲಿ ನೆಲದ ಮೇಲೆಯೂ ಮಾಡಿಸದಿದ್ದರೆ ಅದು ನೀರಿನಲ್ಲಿಯೇ ಉಳಿದುಹೋಗುತ್ತದೆ.

ನಮ್ಮ ನಾಡಿನಲ್ಲಿ ಕಾಯಿಸಿದ ನೀರಿನ ಕೊಳ, ಅದರಲ್ಲಿ ತರಬೇತಿ ಪಡೆದವರು, ಇವೆರಡೂ ದೊಡ್ಡ ನಗರಗಳಾಚೆ ದುರ್ಲಭ. ಮೊದಲು ಹೋಗಬೇಕಾದದ್ದು ಕೊಳಕ್ಕಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ತೆರೆದಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ, ಅಥವಾ ಬೆಂಗಳೂರಿನ ಇಂದಿರಾನಗರದಲ್ಲಿರುವ, 1980ರಿಂದ ಕೆಲಸ ಮಾಡುತ್ತಿರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಸಂಸ್ಥೆಗಳಿಗೆ. ಅಲ್ಲಿ ಮಗುವನ್ನು ಪರೀಕ್ಷಿಸಿದ ಫಿಸಿಯೋಥೆರಪಿಸ್ಟರೇ ನೀರು ಬೇಕೋ ಬೇಡವೋ ಹೇಳುತ್ತಾರೆ. ಕೊಳವಿಲ್ಲದ ಊರಿನಲ್ಲಿಯೂ ಬಚ್ಚಲುಮನೆಯಿದೆ. ಮಣೆಯ ಮೇಲೆ ಕುಳಿತು, ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಹಂಡೆಯ ನೀರನ್ನು ಹದವಾಗಿ ಬೆರೆಸಿ ಚೊಂಬಿನಿಂದ ಹೊಯ್ಯುವ ನಮ್ಮ ಅಜ್ಜಿಯರ ಕ್ರಮದಲ್ಲಿ, ಕೈಕಾಲುಗಳನ್ನು ಜಗ್ಗುವುದನ್ನೂ ಹಿಡಿದು ತೂಗಾಡಿಸುವುದನ್ನೂ ಬಿಟ್ಟರೆ, ಬಿಗಿದ ಮಗುವಿಗೆ ಹಿತವಾದ ಅಂಶಗಳೇ ಹೆಚ್ಚು. ದೊಡ್ಡ ಟಬ್ಬಿನಲ್ಲಿ ಎದೆಯ ಮಟ್ಟಕ್ಕೆ ಬೆಚ್ಚನೆಯ ನೀರು ಹಾಕಿ, ಊದುವ ಆಟವನ್ನೂ ತೇಲುವ ಬಟ್ಟಲಿಗೆ ಕೈಚಾಚುವ ಆಟವನ್ನೂ ಥೆರಪಿಸ್ಟರು ತೋರಿಸಿಕೊಟ್ಟಂತೆ ಆಡಿಸಬಹುದು. ಒಲೆಯ ಮೇಲೆ ಹಾಲು ಉಕ್ಕಿದರೂ ಸರಿಯೆ, ಬಾಗಿಲಲ್ಲಿ ಯಾರು ಕೂಗಿದರೂ ಸರಿಯೆ, ಕ್ಷಣಕಾಲವೂ ಮಗುವನ್ನು ನೀರಿನಲ್ಲಿ ಬಿಟ್ಟು ಏಳಕೂಡದು.

ಎಲ್ಲಕ್ಕಿಂತ ಕಠಿನವಾದ ಪಾಠ ಮಗುವಿಗಲ್ಲ, ಅದನ್ನು ಹಿಡಿದವರಿಗೆ. ಹುಟ್ಟಿದಂದಿನಿಂದಲೂ ಬೀಳದಂತೆ ಹಿಡಿದ ತಾಯಿಯ ಕೈ ನೀರಿನಲ್ಲಿಯೂ ಹಾಗೆಯೇ ಬಿಗಿಯಾಗಿ ಹಿಡಿಯುತ್ತದೆ. ಅಷ್ಟು ಬಿಗಿಯಾಗಿ ಹಿಡಿದರೆ ನೀರು ಏನನ್ನೂ ಕಲಿಸಲಾರದು. ಆದುದರಿಂದ ಅನುಭವಿಗಳು ತಾಯಂದಿರನ್ನೂ ಕೊಳಕ್ಕೆ ಇಳಿಸಿ, ಮೊದಲು ಅಂಗೈಯನ್ನು ಮಗುವಿನ ಬೆನ್ನಿನ ಕೆಳಗೆ ಹರವಿಡಿಸಿ, ಕೆಲವು ವಾರಗಳ ಮೇಲೆ ಬೆರಳುಗಳಷ್ಟನ್ನೇ ಉಳಿಸಿ, ಆಮೇಲೆ ಅದನ್ನೂ ಒಂದು ಗೇಣು ಕೆಳಕ್ಕೆ ಇಳಿಸಹೇಳುತ್ತಾರೆ. ಮಗು ಒಂದು ಮಗ್ಗುಲಿಗೆ ವಾಲತೊಡಗುತ್ತದೆ. ಆಗ ತಾಯಿಯು ತಾನೇ ಎತ್ತದೆ, ಮಗುವಿಗೆ ತಲೆಯನ್ನು ತಿರುಗಿಸಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಕೈಯನ್ನು ಅಲ್ಲಿಯೇ ಸಿದ್ಧವಾಗಿರಿಸಿಕೊಂಡು, ಹೆಸರು ಹಿಡಿದು ಮಾತನಾಡಿಸುತ್ತ ಕಾಯಬೇಕಾಗುತ್ತದೆ.